ಸುಣ್ಣದ ಕೆಳಗಿನ ನಗೆ

ಹೋದ ವರ್ಷ ನಾನು ಕಲಿಸುವ ಶಾಲೆಯ ಹಿಂದಿನ ಗೋಡೆಯ ಮೇಲೆ ಯಾರೋ ಹುಡುಗರು ಇದ್ದಿಲಿನಿಂದ ಒಂದು ಚಿತ್ರ ಬರೆದಿದ್ದರು. ದೊಡ್ಡ ಹೊಟ್ಟೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲೊಂದು ಕೋಲು. ಹೆಸರು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಅದು ನಾನೇ. ಜೊತೆಯ ಮಾಸ್ತರರು ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಮರುದಿನ ಬೆಳಿಗ್ಗೆ ಜವಾನನನ್ನು ಕರೆದು ಗೋಡೆಗೆ ಸುಣ್ಣ ಹೊಡೆಸಿದೆ. ‘ಸ್ವಚ್ಛತೆ’ ಎಂದು ಕಾರಣ ಕೊಟ್ಟೆ. ಯಾರೂ ಏನೂ ಕೇಳಲಿಲ್ಲ. ಸುಣ್ಣ ಹೊಡೆಸುವ ಅಧಿಕಾರ ಇರುವವರನ್ನು ಯಾರೂ ಏನೂ ಕೇಳುವುದಿಲ್ಲ.

ಈ ಸಣ್ಣ ಸಂಗತಿ ನನ್ನನ್ನು ಮತ್ತೆ ಕಾಡಿದ್ದು ಒಂದು ಇಂಗ್ಲಿಷ್ ವ್ಯಂಗ್ಯಚಿತ್ರವನ್ನು ನೋಡಿದಾಗ. ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹದ ಸಾವಿರಾರು ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಭೂತನಾಳದ ಕೆರೆಯ ದಂಡೆಯ ಮೇಲೆ ಸಂಜೆ ಕೂತು ಮಗಳ ಮೊಬೈಲಿನಲ್ಲಿ ಅವನ್ನು ಒಂದೊಂದಾಗಿ ನೋಡುತ್ತಿದ್ದೆ. ಹದಿನೆಂಟನೆಯ ಶತಮಾನದ ಲಂಡನ್ನಿನ ಮಂತ್ರಿಗಳು, ಯುವರಾಜರು, ಸೇನಾಪತಿಗಳು ಊದಿದ ಹೊಟ್ಟೆ, ಸೊಟ್ಟ ಕಾಲುಗಳೊಂದಿಗೆ ಸಾಲಾಗಿ ಹಾದುಹೋಗುತ್ತಿದ್ದರು. ಅವರ ನಡುವೆ ಇದ್ದಕ್ಕಿದ್ದಂತೆ ನಮ್ಮ ಶ್ರೀರಂಗಪಟ್ಟಣ ಬಂತು. ಕೋಟೆಯ ಮೇಲೆ ಟಿಪ್ಪು ನಿಂತಿದ್ದ. ಅವನು ಮಾಡುತ್ತಿದ್ದ ಕೆಲಸ ನೋಡಿ ಮಗಳ ಕೈಯಿಂದ ಮೊಬೈಲನ್ನು ಸ್ವಲ್ಪ ದೂರ ಹಿಡಿದೆ. ಆ ಕೆಲಸವೇನು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಶ್ರೀರಂಗಪಟ್ಟಣದ ಗೋಡೆಗಳನ್ನು ನೋಡಿ ಬರೋಣ.

ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆವು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದ ಕತೆ ಅಲ್ಲಿದೆ. ಮೈಸೂರಿನ ಸೈನಿಕರಿಗೆಲ್ಲ ಗಡ್ಡ, ಮೀಸೆ. ಇಂಗ್ಲಿಷರಿಗೆ ಬೋಳು ಮುಖ. ಎಲ್ಲರದೂ ಒಂದೇ ಮುಖ. ನಡುವೆ ಮೇಣೆಯೊಳಗೆ ಕೂತ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ಒಬ್ಬ ಹುಡುಗ ಕೇಳಿದ: “ಸರ, ಅಂವಾ ಬೆರಳ ಯಾಕ ಕಚ್ಚಕೊಂಡಾನ್ರಿ?” ಇನ್ನೊಬ್ಬ ಉತ್ತರಿಸಿದ: “ಮನೀಗೆ ಹೋಗಬೇಕನಸೇತಿ ಅವಂಗ.” ಇಡೀ ತಂಡ ನಕ್ಕಿತು. ಇನ್ನೂರು ವರ್ಷ ದಾಟಿದ ಮೇಲೂ ಆ ಚಿತ್ರಕಾರನ ಗುರಿ ತಪ್ಪಿಲ್ಲ.

ಅದೇ ಗೋಡೆಯಲ್ಲಿ ಹೈದರಾಬಾದಿನ ನಿಜಾಮನೂ ಇದ್ದಾನೆ, ಯುದ್ಧ ಮುಗಿದ ಮೇಲೆ ಬರುತ್ತಿದ್ದಾನೆ. ಅವನ ದಂಡಿನ ಬಳಿ ಒಂದು ಹಸು, ಒಂದು ಹಂದಿ. ಬಂದ ರೀತಿಗೆ ಒಂದು ಪ್ರಾಣಿ, ಹೋದ ರೀತಿಗೆ ಇನ್ನೊಂದು ಎಂದು ಅಲ್ಲಿನ ಗೈಡುಗಳು ವಿವರಿಸುತ್ತಾರೆ. ನಿಜಾಮ ಮುಸಲ್ಮಾನ, ಬರೆಸಿದ ಟಿಪ್ಪುವೂ ಮುಸಲ್ಮಾನ. ಟಿಪ್ಪುವಿನ ಕಾಲದ ನಗೆಯಲ್ಲಿ ‘ನಮ್ಮವರು’, ‘ಅವರು’ ಎಂಬ ಗೆರೆ ಧರ್ಮದ ಗುಂಟ ಹಾದುಹೋಗಿರಲಿಲ್ಲ ಎನ್ನುವುದಕ್ಕೆ ಆ ಹಂದಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅರಮನೆಯ ಚಿತ್ರ ಉಳಿದಿದೆ, ಬೀದಿಯ ಚಿತ್ರಗಳು ಉಳಿದಿಲ್ಲ. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಅವುಗಳ ಬಗ್ಗೆ ಬರೆದಿದ್ದಾನೆ. ಶ್ರೀರಂಗಪಟ್ಟಣದ ಮುಖ್ಯ ಬೀದಿಗಳ ಮನೆಗೋಡೆಗಳ ಮೇಲೆ ಇಂಗ್ಲಿಷರ ಆಳೆತ್ತರದ ಅಣಕುಚಿತ್ರಗಳಿದ್ದವಂತೆ. ಒಂದರಲ್ಲಿ ನಡುಗುವ ಇಂಗ್ಲಿಷನನ್ನು ಹುಲಿ ಹಿಡಿದಿತ್ತು. ಇನ್ನೊಂದರಲ್ಲಿ ಕುದುರೆ ಸವಾರನೊಬ್ಬ ಒಂದೇ ಏಟಿಗೆ ಎರಡು ತಲೆ ಹಾರಿಸುತ್ತಿದ್ದ. ಮತ್ತೊಂದರಲ್ಲಿ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಸೊಂಟಕ್ಕೆ ಹಗ್ಗ. ಕುರ್ಚಿಯ ಮೇಲೆ ಕೂತ ಇಂಗ್ಲಿಷನ ಮುಂದೆ ಅವನು ಬೋರಲು ಬಿದ್ದಿದ್ದಾನೆ, ಇಂಗ್ಲಿಷನ ಕಾಲು ಅವನ ಕುತ್ತಿಗೆಯ ಮೇಲಿದೆ. ಇವುಗಳಿಗಿಂತ ಹೆಚ್ಚು ನಗೆ ತರಿಸುವ ಚಿತ್ರಗಳೂ ಇದ್ದವು, ಆದರೆ ಸಭ್ಯ ಬರವಣಿಗೆಯಲ್ಲಿ ಅವನ್ನು ವಿವರಿಸಲಾಗದು ಎಂದು ವಿಲ್ಕ್ಸ್ ನಾಚಿ ಸುಮ್ಮನಾಗುತ್ತಾನೆ.

ಹುಲಿಯ ಚಿತ್ರದ ಭಾಷೆ ವಿಜಯಪುರದವರಾದ ನಮಗೆ ಹೊಸದಲ್ಲ. ನಮ್ಮೂರಿನ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ ಬಾಯಿ. ಅದರ ಹಲ್ಲಿನ ನಡುವೆ ಆನೆ ನಜ್ಜುಗುಜ್ಜಾಗುತ್ತಿದೆ. ಅದು ಹೆದರಿಸುವ ಚಿತ್ರ. ಹುಲಿ ಚಿತ್ರದಲ್ಲಿಯೂ ನಗೆಗಿಂತ ಬೆದರಿಕೆಯೇ ಹೆಚ್ಚು. ಆದರೆ ನವಾಬನ ಚಿತ್ರ ಬೇರೆ ಜಾತಿಯದು. ಅದು ಯೋಚಿಸಿ ಬರೆದ ರಾಜಕೀಯ ವ್ಯಂಗ್ಯ. ಕಂಪನಿಯ ಸಾಲದಲ್ಲಿ ಮುಳುಗಿ, ಹೆಸರಿಗೆ ನವಾಬನಾಗಿ ಉಳಿದವನ ಸ್ಥಿತಿಯನ್ನು ಒಂದು ಹಗ್ಗ, ಒಂದು ಕುರ್ಚಿ, ಒಂದು ಕಾಲಿನಲ್ಲಿ ಅದು ಹೇಳಿಬಿಡುತ್ತದೆ. ಕತೆ ಬರೆಯುವ ನನಗೆ ಆ ಮಿತವ್ಯಯದ ಬಗ್ಗೆ ಅಸೂಯೆಯಿದೆ.

1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದಂಡಿನೊಂದಿಗೆ ಶ್ರೀರಂಗಪಟ್ಟಣದ ಹತ್ತಿರ ಬಂದಾಗ ಟಿಪ್ಪು ಈ ಚಿತ್ರಗಳಿಗೆಲ್ಲ ಸುಣ್ಣ ಹೊಡೆಸಿದ. ಇದನ್ನೂ ವಿಲ್ಕ್ಸನೇ ದಾಖಲಿಸಿದ್ದಾನೆ. ವಿಲ್ಕ್ಸ್ ಟಿಪ್ಪುವಿನ ಮಿತ್ರನಲ್ಲ, ಅವನ ಮಾತನ್ನು ಎಚ್ಚರಿಕೆಯಿಂದಲೇ ಓದಬೇಕು. ಆದರೆ ಈ ವಿವರ ನನಗೆ ನಂಬುವಂತೆ ಕಾಣುತ್ತದೆ. ಊರು ಶತ್ರುವಿನ ಕೈಗೆ ಹೋದರೆ ಆ ಚಿತ್ರಗಳ ಬೆಲೆ ತೆರುವವರು ಆ ಮನೆಗಳಲ್ಲಿ ವಾಸಿಸುವ ಜನ. ಆದ್ದರಿಂದ ಆ ಸುಣ್ಣವನ್ನು ಹೇಡಿತನ ಎಂದು ಸಲೀಸಾಗಿ ಕರೆಯಲಾರೆ. ಹೇಳಬೇಕಾದದ್ದು ಬೇರೆ ಇದೆ: ಅಪ್ಪಣೆಯಿಂದ ಗೋಡೆ ಏರಿದ ನಗೆ ಅಪ್ಪಣೆಯಿಂದಲೇ ಅಳಿಯಿತು. ಗೋಡೆ ಯಾರದೋ ನಗೆಯೂ ಅವರದೇ.

ಈಗ ಅದೇ ವರ್ಷದ ಲಂಡನ್ನಿಗೆ ಹೋಗೋಣ. 1791ರ ಮೇ 15ರಂದು ಅರಕೆರೆಯ ಹತ್ತಿರ ಕಾರ್ನ್‌ವಾಲಿಸ್ ಕಾಳಗವನ್ನೇನೋ ಗೆದ್ದ. ಆದರೆ ಅವನ ದಂಡಿನಲ್ಲಿ ಅಕ್ಕಿಯಿರಲಿಲ್ಲ, ಎತ್ತುಗಳು ಸಾಯುತ್ತಿದ್ದವು, ಮಳೆ ಹಿಡಿದಿತ್ತು. ಕೋಟೆಯನ್ನು ಕಣ್ಣೆದುರು ಇಟ್ಟುಕೊಂಡೇ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಬೆಂಗಳೂರಿನ ಕಡೆಗೆ ಹಿಂದಿರುಗಿದ. ಹಡಗಿನ ಮೇಲೆ ಹೋಗುವ ಸುದ್ದಿ ಇಂಗ್ಲೆಂಡ್ ಮುಟ್ಟಲು ಆಗ ತಿಂಗಳುಗಟ್ಟಲೆ ಬೇಕು. ಸರಕಾರದ ಕಡೆಯವರು ಮಳೆಗಾಲದ ಕಾರಣ ಮುಂದಿಟ್ಟರು. ಡಿಸೆಂಬರ್ 6ರಂದು ಜೇಮ್ಸ್ ಗಿಲ್‌ರೇ ಎಂಬ ಚಿತ್ರಕಾರನ ಹೊಸ ಚಿತ್ರ ಹ್ಯಾನಾ ಹಂಫ್ರಿ ಎಂಬ ಹೆಂಗಸಿನ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಹೆಸರು, ‘ಮಳೆಗಾಲದ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು’.

ಕೋಟೆಯ ಮೇಲೆ ಟಿಪ್ಪು ನಿಂತು, ಓಡುತ್ತಿರುವ ಕಾರ್ನ್‌ವಾಲಿಸನ ಮೇಲೆ ಮೂತ್ರ ಮಾಡುತ್ತಿದ್ದಾನೆ. ಸರಕಾರ ಹೇಳಿದ ‘ಮಳೆ’ ಇದೇ! ಸಭ್ಯರ ಪತ್ರಿಕೆಯಲ್ಲಿ ಇದನ್ನು ಬರೆಯಲು ನನಗೂ ಮುಜುಗರವೇ. ಆದರೆ ಈ ಅಸಭ್ಯತೆ ಚಿತ್ರಕ್ಕೆ ಅಂಟಿಸಿದ ಅಲಂಕಾರವಲ್ಲ, ಚಿತ್ರದ ವಾದವೇ ಅದು. ಸರಕಾರದ ಒಂದು ನಯವಾದ ಸುಳ್ಳನ್ನು ಗಿಲ್‌ರೇ ಎತ್ತಿಕೊಂಡು, ಅದರ ಶಬ್ದವನ್ನು ಹಾಗೆಯೇ ಉಳಿಸಿ, ಅರ್ಥವನ್ನು ಮಾತ್ರ ತಿರುಗಿಸಿದ. ಅಮೆರಿಕದಲ್ಲಿ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದವನೂ ಇದೇ ಕಾರ್ನ್‌ವಾಲಿಸ್ ಎಂಬುದು ನೋಡುವವರಿಗೆ ಗೊತ್ತಿತ್ತು. ಶ್ರೀರಂಗಪಟ್ಟಣದ ಗೋಡೆಯಲ್ಲಿ ವಿಲ್ಕ್ಸ್ ಬರೆಯಲು ನಾಚಿದ ಬಗೆಯ ನಗೆಯನ್ನು ಅವನ ದೇಶದವನೇ ಲಂಡನ್ನಿನ ಅಂಗಡಿಯಲ್ಲಿ ಕಾಸಿಗೆ ಮಾರುತ್ತಿದ್ದ. ಅದೂ ತನ್ನದೇ ಸೇನಾಪತಿಯ ಮೇಲೆ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ.

ನಾವು ಈ ಚಿತ್ರವನ್ನು ನೋಡಿ ಹಿಗ್ಗುವುದು ಸಹಜ. ಆದರೆ ಗಿಲ್‌ರೇ ಟಿಪ್ಪುವಿನ ಪಕ್ಷಪಾತಿಯಾಗಿರಲಿಲ್ಲ. ಟಿಪ್ಪುವನ್ನು ಅವನು ಕಂಡವನೂ ಅಲ್ಲ. ಅವನಿಗೆ ಬೇಕಾಗಿದ್ದುದು ತನ್ನ ಮಂತ್ರಿಮಂಡಲವನ್ನು ಹೊಡೆಯಲು ಒಂದು ಕೋಲು. ಆ ಹೊತ್ತಿಗೆ ಕೈಗೆ ಸಿಕ್ಕ ಕೋಲು ಟಿಪ್ಪು. ಆದರೂ ಒಂದು ಮಾತು ನಿಜ. ಇಂಗ್ಲಿಷರು ಟಿಪ್ಪುವಿನ ಬಗ್ಗೆ ಬರೆದ ನೂರಾರು ಪುಟಗಳಲ್ಲಿ ಅವನು ಒಂದೋ ರಾಕ್ಷಸ, ಇಲ್ಲವೇ ಹೆಣ. ಈ ಒಂದು ಕಾಗದದಲ್ಲಿ ಮಾತ್ರ ಅವನು ಎತ್ತರದಲ್ಲಿ ನಿಂತು ಶತ್ರುವನ್ನು ಗೇಲಿ ಮಾಡುವ ಮನುಷ್ಯ.

ಇಂಥ ಧೈರ್ಯ ಲಂಡನ್ನಿನ ಚಿತ್ರಕಾರನಿಗೆ ಎಲ್ಲಿಂದ ಬಂತು? ಅವನ ರಕ್ತದಲ್ಲೇನೂ ವಿಶೇಷವಿರಲಿಲ್ಲ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೆರೆ ಕೊರೆದುಕೊಳ್ಳುತ್ತದೆ. ಅದಕ್ಕೆ ಶಾಯಿ ತುಂಬಿ ಕಾಗದಕ್ಕೆ ಒತ್ತುತ್ತಿದ್ದರು, ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಒಂದೆರಡು ಶಿಲಿಂಗಿಗೆ ಒಂದು ಚಿತ್ರ. ಕೂಲಿಕಾರನಿಗೆ ಅದು ದುಬಾರಿಯೇ. ಆದರೆ ಅಂಗಡಿಯವರು ಹೊಸ ಚಿತ್ರಗಳನ್ನು ಗಾಜಿನ ಕಿಟಕಿಯಲ್ಲಿ ತೂಗುಹಾಕುತ್ತಿದ್ದರು. ನಮ್ಮಲ್ಲಿ ಪೇಪರ್ ಕೊಳ್ಳದವರು ಚಹಾದಂಗಡಿಯಲ್ಲಿ ಅದನ್ನು ಹಂಚಿಕೊಂಡು ಓದುವಂತೆ ಅಲ್ಲಿ ಕಿಟಕಿಯ ಮುಂದೆ ಬಿಟ್ಟಿ ನೋಡುವವರ ಗುಂಪು ನೆರೆಯುತ್ತಿತ್ತು. ಅಚ್ಚಿಗೆ ಮುಂಚೆ ಸರಕಾರದ ಪರವಾನಗಿ ಪಡೆಯಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1695ರಲ್ಲೇ ಮುಗಿದಿತ್ತು. ಚಿತ್ರದ ಮೇಲೆ ದಾವೆ ಹೂಡಿದರೆ ಅದರಲ್ಲಿ ಏನಿದೆ, ಯಾರ ಮೂಗು ಯಾರದು ಎಂದು ನ್ಯಾಯಾಲಯದಲ್ಲಿ ಬಿಡಿಸಿ ಹೇಳಬೇಕು. ಆಗ ಮತ್ತೊಮ್ಮೆ ನಗೆಪಾಟಲು. ಮುಖ್ಯವಾಗಿ, ಆ ಕಿಟಕಿ ದೊರೆಯದಾಗಿರಲಿಲ್ಲ. ಅಂಗಡಿಯವಳದಾಗಿತ್ತು. ನಗೆಗೆ ದೊರೆಯ ಗೋಡೆಯಲ್ಲದ ಒಂದು ಜಾಗ ಸಿಕ್ಕಿತ್ತು.

ಹಾಗೆಂದು ಆ ಕಿಟಕಿಗೆ ಕೈಮುಗಿದು ನಿಲ್ಲಬೇಕಾಗಿಲ್ಲ. ಜೇಮ್ಸ್ ಸೇಯರ್ಸ್ 1783ರ ಡಿಸೆಂಬರ್ 5ರಂದು ಹೊರತಂದ ಚಿತ್ರವೊಂದಿದೆ. ಈಸ್ಟ್ ಇಂಡಿಯಾ ಕಂಪನಿಯನ್ನು ಸಂಸತ್ತಿನ ಹಿಡಿತಕ್ಕೆ ತರಲು ಮಸೂದೆ ತಂದಿದ್ದ ಚಾರ್ಲ್ಸ್ ಫಾಕ್ಸ್ ಅದರಲ್ಲಿ ಮೊಗಲರ ಉಡುಪು ತೊಟ್ಟು ಆನೆಯ ಮೇಲೆ ಕಂಪನಿಯ ಕಚೇರಿಗೆ ಮೆರವಣಿಗೆ ಬರುತ್ತಿದ್ದಾನೆ. ಆನೆಗೆ ಲಾರ್ಡ್ ನಾರ್ತ್‌ನ ಮುಖ. ಮುಂದೆ ಕಹಳೆ ಊದುವವನು ಎಡ್ಮಂಡ್ ಬರ್ಕ್. ಫಾಕ್ಸನಿಗೆ ಇಟ್ಟ ಹೆಸರು ‘ಕಾರ್ಲೊ ಖಾನ್’. ಆ ತಿಂಗಳೇ ಮಸೂದೆ ಬಿತ್ತು, ಸರಕಾರವೂ ಹೋಯಿತು. ಸಂಸತ್ತಿನ ಭಾಷಣಗಳಿಗಿಂತ ಸೇಯರ್ಸನ ಚಿತ್ರಗಳೇ ತನಗೆ ಹೆಚ್ಚು ಕೇಡು ಮಾಡಿದವೆಂದು ಫಾಕ್ಸ್ ಹೇಳಿಕೊಂಡನಂತೆ. ರಚನೆಯಲ್ಲಿ ಇದು ಬಹಳ ಗಟ್ಟಿಯಾದ ಚಿತ್ರ. ಆದರೆ ಇದು ಕೆಲಸ ಮಾಡುವುದು ಒಂದು ಒಪ್ಪಂದದ ಮೇಲೆ: ‘ಖಾನ್’ ಎಂದರೆ ದಬ್ಬಾಳಿಕೆಗಾರ ಎಂದು ನೋಡುವವರೆಲ್ಲ ಮೊದಲೇ ಒಪ್ಪಿರಬೇಕು. ನಮ್ಮ ಓಣಿಯಲ್ಲಿ ಖಾನ್ ಎಂದರೆ ಪಂಕ್ಚರ್ ತಿದ್ದುವವರು, ಬಾಡಿಗೆ ಮನೆಗೆ ಅಲೆಯುವವರು. ಗುರಿ ಫಾಕ್ಸನಾದರೂ ಏಟಿನ ಒಂದು ಪಾಲು ಚಿತ್ರದಲ್ಲಿಲ್ಲದವರಿಗೆ ಬೀಳುತ್ತದೆ. ಇಂದಿಗೂ ಸರ್ವಾಧಿಕಾರಿಯನ್ನು ಬರೆಯಬೇಕಾದರೆ ಪೇಟ, ಗಡ್ಡ ಹಚ್ಚುವ ಕೈಗಳಿವೆ. ಆ ಚಾಳಿ ಹಳೆಯದು.

ಗಿಲ್‌ರೇಯ ಕೈಯೂ ಸದಾ ಒಂದೇ ಕಡೆಗೆ ಇರಲಿಲ್ಲ. ವಾರನ್ ಹೇಸ್ಟಿಂಗ್ಸ್‌ನನ್ನು ಅವನು 1786ರಲ್ಲಿ ದರೋಡೆಕೋರರು ಮುತ್ತಿದ ‘ಭಾರತದ ರಕ್ಷಕ’ನಾಗಿ ಬರೆದ. 1788ರಲ್ಲಿ ಅದೇ ಹೇಸ್ಟಿಂಗ್ಸ್ ಹಣದ ಚೀಲಗಳೊಂದಿಗೆ ಇನ್ನೊಬ್ಬನ ಹೆಗಲೇರಿ ರಕ್ತದ ಸಮುದ್ರ ದಾಟುತ್ತಾನೆ. ರಕ್ತದಲ್ಲಿ ಭಾರತೀಯರ ಹೆಣಗಳು ತೇಲುತ್ತಿವೆ. ಎರಡನೆಯದು ನಾನು ನೋಡಿದ ಅವನ ಚಿತ್ರಗಳಲ್ಲೇ ದೊಡ್ಡದು. ನಮ್ಮ ಸಾವುಗಳನ್ನು ಲಂಡನ್ನಿನ ಕಿಟಕಿಯಲ್ಲಿ ಲೆಕ್ಕಕ್ಕೆ ತಂದ ಚಿತ್ರ ಅದು. ಆದರೆ 1797ರಿಂದ 1801ರವರೆಗೆ ಗಿಲ್‌ರೇ ಸರಕಾರದಿಂದ ವರ್ಷಕ್ಕೆ 200 ಪೌಂಡ್ ಪಡೆಯುತ್ತಿದ್ದ. ಆ ವರ್ಷಗಳಲ್ಲಿ ಅವನ ಸೂಜಿ ಹೆಚ್ಚಾಗಿ ವಿರೋಧ ಪಕ್ಷವನ್ನೇ ಚುಚ್ಚಿತು. ಶ್ರೀರಂಗಪಟ್ಟಣದಲ್ಲಿ ನಗೆಯ ಮೇಲೆ ಸುಣ್ಣ ಬಿತ್ತು, ಲಂಡನ್ನಿನಲ್ಲಿ ಪೌಂಡ್ ಬಿತ್ತು. ಸುಣ್ಣ ಕಣ್ಣಿಗೆ ಕಾಣುತ್ತದೆ, ಪೌಂಡ್ ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಯಲ್ಲೇ ಹೋರಾಡಿ ಸತ್ತ. ಆ ವರ್ಷ ಥಾಮಸ್ ರೋಲಂಡ್‌ಸನ್ ಒಂದು ಚಿತ್ರ ಮಾಡಿದ: ‘ಟಿಪ್ಪುವಿನ ಸಾವು ಅಥವಾ ಜನಾನಾಕ್ಕೆ ಮುತ್ತಿಗೆ’. ಕೆಂಪು ಅಂಗಿಯ ಸೈನಿಕರು ಹೆಂಗಸರನ್ನು ಹಿಡಿದೆಳೆಯುತ್ತಿದ್ದಾರೆ. ಇದು ಸೈನಿಕರ ಕಾಮುಕತನವನ್ನು ಗೇಲಿ ಮಾಡುವ ಚಿತ್ರ ಎಂದು ವಾದಿಸಬಹುದು. ಆ ಅಂಶ ಅದರಲ್ಲಿ ಇಲ್ಲವೆಂದಲ್ಲ. ಆದರೆ ಚಿತ್ರ ನಮ್ಮ ಕಣ್ಣನ್ನು ಎಲ್ಲಿ ನಿಲ್ಲಿಸುತ್ತದೆ? ಹೆಂಗಸರ ಮೈಯ ಮೇಲೆ. ಆ ಜನಾನಾದಲ್ಲಿದ್ದವರು ಹೈದರನ ವಿಧವೆಯರು, ಟಿಪ್ಪುವಿನ ಹೆಂಡಿರು, ಅವರ ದಾಸಿಯರು, ಮುದುಕಿಯರು. ಮುಂದೆ ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿನ ಕೋಟೆಗೆ ಸಾಗಿಸಲಾಯಿತು. ಅಂದು ಆ ಗೋಡೆಗಳೊಳಗೆ ಇದ್ದಿರಬಹುದಾದ ಭಯದ ಒಂದು ಗೆರೆಯೂ ರೋಲಂಡ್‌ಸನ್ನನ ತಗಡಿಗೆ ಇಳಿದಿಲ್ಲ. 1791ರಲ್ಲಿ ಸೋತು ಓಡುವ ಸೇನಾಪತಿಯನ್ನು ನಕ್ಕ ಕಿಟಕಿ 1799ರಲ್ಲಿ ಸೋತವರ ಹೆಂಗಸರನ್ನು ನೋಡಿ ನಗುತ್ತಿದೆ. ನಗೆಯ ದಿಕ್ಕು ಮೇಲಿನಿಂದ ಕೆಳಕ್ಕೆ ತಿರುಗಿತು. ನನ್ನ ತಕರಾರು ಇರುವುದು ಇಲ್ಲಿ. ಚಿತ್ರದ ಅಶ್ಲೀಲತೆಯನ್ನು ಅಳೆಯುವುದಾದರೆ ಕೋಟೆಯ ಮೇಲಿನ ಟಿಪ್ಪುವಿನದು ಹೆಚ್ಚು ಅಶ್ಲೀಲ. ಆದರೆ ನನಗೆ ಅಶ್ಲೀಲವೆನಿಸುವುದು ಜನಾನಾದ ಚಿತ್ರ.

ಇಷ್ಟು ಓದಿ, ಪೂರ್ವದೇಶದ ನಮಗೆ ನಮ್ಮ ಆಳುವವರನ್ನು ನಗುವ ಅಭ್ಯಾಸವೇ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಉರ್ದು ಕಲಿತವರಿಗೆ ಹಜ್ವ್ ಎಂಬ ನಿಂದಾಕಾವ್ಯ ಗೊತ್ತು. ಗಿಲ್‌ರೇ ಹುಟ್ಟುವ ಮೊದಲೇ, 1713ರಲ್ಲಿ, ಜಾಫರ್ ಜಟಲ್ಲಿ ಹೊಸ ಬಾದಶಹ ಫರ್ರುಖ್‌ಸಿಯರನ ನಾಣ್ಯದ ಮೇಲಿನ ಸಾಲುಗಳನ್ನು ಅಣಕಿಸಿದ. ಕಾಳುಕಡಿಗಳ ಮೇಲೆ ಮುದ್ರೆ ಒತ್ತುವ ದೊರೆ ಎಂದ. ಬಾದಶಹ ಅವನನ್ನು ಕೊಲ್ಲಿಸಿದ. ಮಿರ್ಜಾ ಸೌದಾ ಹಸಿದು ನಿಲ್ಲಲಾರದ ಒಂದು ಕುದುರೆಯ ಮೇಲೆ ಕಸೀದಾ ಬರೆದ. ಓದಿದವರಿಗೆ ಅದರೊಳಗೆ ಇಡೀ ಮೊಗಲ್ ಸೈನ್ಯದ ಪಕ್ಕೆಲುಬು ಕಂಡಿತು. ಯಾರಾದರೂ ಕೆಣಕಿದರೆ ಸೌದಾ ಲೇಖನಿ ಪೆಟ್ಟಿಗೆ ತರುವಂತೆ ತನ್ನ ಆಳು ಗುಂಚಾನನ್ನು ಕೂಗುತ್ತಿದ್ದನಂತೆ. ಆ ಕೂಗಿಗೇ ಜನ ನಡುಗುತ್ತಿದ್ದರಂತೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಕಿರೀಟ ಹೊತ್ತು ಬಂದ ರಾಜನನ್ನು ಸಾರಥಿ ‘ನೀನಾರು?’ ಎಂದೇ ಕೇಳುತ್ತಾನೆ, ಮಾತು ಮಾತಿಗೂ ಕಾಲೆಳೆಯುತ್ತಾನೆ. ನಗೆ ನಮ್ಮಲ್ಲಿ ಇತ್ತು. ಇಲ್ಲದ್ದು ಕಿಟಕಿ. ಜಟಲ್ಲಿಗೆ ಹ್ಯಾನಾ ಹಂಫ್ರಿ ಸಿಗಲಿಲ್ಲ.

ಈಗ ನಮ್ಮ ಕಾಲದ ಮಾತು. 2015ರಿಂದ 2018ರವರೆಗೆ ಸರಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ಬೇರೆ ಸರಕಾರ ಅದನ್ನು ನಿಲ್ಲಿಸಿತು. ಈ ಜಗಳದಲ್ಲಿ ಒಂದು ಕಡೆಯವರ ಟಿಪ್ಪು ರಾಕ್ಷಸ, ಇನ್ನೊಂದು ಕಡೆಯವರ ಟಿಪ್ಪು ವಲಿ. ಇಬ್ಬರ ಟಿಪ್ಪುವೂ ನಗುವುದಿಲ್ಲ. ಬೆರಳು ಕಚ್ಚುವ ಬೇಲಿಯನ್ನು ಬರೆಸಿದ, ನಿಜಾಮನ ಪಕ್ಕ ಹಂದಿ ನಿಲ್ಲಿಸಿದ, ಆಮೇಲೆ ಆತಂಕದಲ್ಲಿ ಸುಣ್ಣ ಹೊಡೆಸಿದ ಮನುಷ್ಯ ಯಾರಿಗೂ ಬೇಡ.

ವ್ಯಂಗ್ಯಚಿತ್ರ ಎಂದೊಡನೆ 2005ರ ಡೆನ್ಮಾರ್ಕಿನ ಪತ್ರಿಕೆ ನೆನಪಾಗಿ ನಮ್ಮವರ ಮುಖ ಬಿಗಿಯುತ್ತದೆ. ಆ ನೋವು ಸುಳ್ಳಲ್ಲ. ಅಲ್ಲಿನ ಅಲ್ಪಸಂಖ್ಯಾತ ವಲಸಿಗರಿಗೆ ಅತ್ಯಂತ ಪ್ರಿಯವಾದುದನ್ನು ಬಲಿಷ್ಠರ ಪತ್ರಿಕೆಯೊಂದು ಗೇಲಿ ಮಾಡಿದ್ದು ರೋಲಂಡ್‌ಸನ್ನನ ದಿಕ್ಕಿನ ನಗೆ. ಆದರೆ ಆ ನೋವಿನ ನೆರಳಲ್ಲಿ ನಾವು ಎಲ್ಲ ನಗೆಯನ್ನೂ ಅನುಮಾನಿಸಲು ಕಲಿತಿದ್ದೇವೆ. ತುರ್ತುಪರಿಸ್ಥಿತಿಯಲ್ಲಿ, 1975ರ ಡಿಸೆಂಬರಿನಲ್ಲಿ, ಅಬು ಅಬ್ರಹಾಂ ಬರೆದ ಚಿತ್ರವನ್ನು ನೆನೆಯಿರಿ: ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುತ್ತಿದ್ದಾರೆ. ಅದು ಒಬ್ಬ ಮುಸಲ್ಮಾನನ ಮೇಲಿನ ನಗೆಯಲ್ಲ. ಕೇಳಿದ್ದಕ್ಕೆಲ್ಲ ಸಹಿ ಹಾಕುವ ಕುರ್ಚಿಯ ಮೇಲಿನ ನಗೆ. ಈ ಎರಡನ್ನೂ ಬೇರೆ ಮಾಡಿ ನೋಡಲು ಬಾರದಿದ್ದರೆ ನಮ್ಮ ಮುತವಲ್ಲಿ, ನಮ್ಮ ಗುತ್ತಿಗೆದಾರ, ನಮ್ಮ ಶಾಸಕ ಎಲ್ಲರೂ ಧರ್ಮದ ಚಾದರ ಹೊದ್ದು ಕೂತುಬಿಡುತ್ತಾರೆ.

ಕತೆಗಾರನಾಗಿ ಇದು ನನ್ನ ಪಾಡೂ ಹೌದು. ಒಂದು ಕತೆಯಲ್ಲಿ ನಿಕಾಹ್‌ನ ಊಟಕ್ಕೆ ಸಾಲ ಮಾಡಿಸುವ ಜಮಾತಿನ ಹಿರಿಯನೊಬ್ಬನನ್ನು ನಗೆಯ ಪಾತ್ರ ಮಾಡಿದ್ದೆ. ಮಸೀದಿಯ ಮೆಟ್ಟಿಲ ಮೇಲೆ ಹಿರಿಯರೊಬ್ಬರು ನಿಲ್ಲಿಸಿ ಕೇಳಿದರು: “ಮಾಸ್ತರ್ ಸಾಹೇಬ್, ಹೊರಗಿನವರು ನಮ್ಮನ್ನು ನಗುವುದು ಸಾಲದೇ? ನೀವೂ ಸೇರಬೇಕೇ?” ಅವರ ಪ್ರಶ್ನೆಯಲ್ಲಿ ನಿಜವಿದೆ. ಶತ್ರು ಬಾಗಿಲಲ್ಲಿರುವಾಗ ಗೋಡೆಗೆ ಸುಣ್ಣ ಹೊಡೆದವನ ಆತಂಕವೇ ಅದು. ಆದರೆ ಶತ್ರು ಬಾಗಿಲಲ್ಲಿ ಇಲ್ಲದ ದಿನ ನಮ್ಮ ಸಮಾಜಕ್ಕೆ ಯಾವತ್ತು ಬಂದೀತು? ಆ ದಿನಕ್ಕೆ ಕಾಯುತ್ತ ಕೂತರೆ ಸಾಲ ಮಾಡಿದ ಅಪ್ಪಂದಿರ ಕತೆಯನ್ನು ಹೇಳುವವರಾರು? ನಾನು ಅವರಿಗೆ ಅಂದು ಉತ್ತರ ಕೊಡಲಿಲ್ಲ, ಸಲಾಂ ಹೇಳಿ ಬಂದೆ.

ಈಗ ಕೊಡಬಹುದಾದ ಉತ್ತರ ಇಷ್ಟು. ವ್ಯಂಗ್ಯವನ್ನು ಅಳೆಯಲು ಅದು ಎಷ್ಟು ಸಭ್ಯ, ಎಷ್ಟು ಚೂಪು ಎಂದು ನೋಡಿದರೆ ಸಾಲದು. ಅದು ಯಾರ ಗೋಡೆಯ ಮೇಲಿದೆ, ಯಾರ ಕಾಸಿನಲ್ಲಿ ಬರೆದದ್ದು, ಏಟು ಮೇಲಕ್ಕೆ ಹೋಗುತ್ತದೋ ಕೆಳಕ್ಕೋ ಎಂದು ನೋಡಬೇಕು. ಎಲ್ಲಕ್ಕಿಂತ ಮೊದಲು, ಬರೆದವನು ತನ್ನ ಕಡೆಯ ಬಲಿಷ್ಠರನ್ನು ಒಮ್ಮೆಯಾದರೂ ನಕ್ಕಿದ್ದಾನೆಯೇ ಎಂದು ನೋಡಬೇಕು. ಡಿಸೆಂಬರ್ 1791ರ ಗಿಲ್‌ರೇ ಈ ಪರೀಕ್ಷೆಯಲ್ಲಿ ಗೆಲ್ಲುತ್ತಾನೆ. 1799ರ ರೋಲಂಡ್‌ಸನ್ ಗೆಲ್ಲುವುದಿಲ್ಲ. ಶ್ರೀರಂಗಪಟ್ಟಣದ ಅನಾಮಿಕ ಚಿತ್ರಕಾರರಿಗೆ ಪರೀಕ್ಷೆಗೆ ಕೂರುವ ಅವಕಾಶವೇ ಸಿಗಲಿಲ್ಲ. ಅವರ ಮುಂದೆ ಇದ್ದ ಗೋಡೆಗಳೆಲ್ಲ ಒಬ್ಬನ ಅಪ್ಪಣೆಯವು.

ದರಿಯಾ ದೌಲತ್‌ನ ಚಿತ್ರಗಳೂ ಮುತ್ತಿಗೆಗೆ ಮುಂಚೆ ಅಳಿದಿದ್ದವು. 1799ರ ನಂತರ ಅಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಸಿದ; ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ತಿದ್ದಿಸಲಾಯಿತು. ತಮ್ಮವನು ಬೆರಳು ಕಚ್ಚುವ ಚಿತ್ರವನ್ನು ಇಂಗ್ಲಿಷರೇ ಕಾಪಾಡಿದರು. ಗೆದ್ದವರಿಗೆ ಆ ಔದಾರ್ಯ ಸುಲಭ. ಕಷ್ಟವಿರುವುದು ಗೆಲ್ಲದೆಯೂ, ಹೆದರಿಕೆಯ ನಡುವೆಯೂ, ತನ್ನ ಮೇಲಿನ ನಗೆಯನ್ನು ಗೋಡೆಯ ಮೇಲೆ ಇರಗೊಡುವುದು.

ಅದು ನನ್ನಿಂದ ಆಗಲಿಲ್ಲ. ನನ್ನ ಚಿತ್ರ ಬರೆದ ಹುಡುಗ ಯಾರೆಂದು ನನಗೆ ಗೊತ್ತಿತ್ತು. ಈಗ ಅವನು ಹೈಸ್ಕೂಲಿಗೆ ಹೋಗಿದ್ದಾನೆ. ಮೊನ್ನೆ ಭೂತನಾಳದ ರಸ್ತೆಯಲ್ಲಿ ಸಿಕ್ಕ. “ಚಿತ್ರ ಬರೀತಿಯೇನಪಾ ಇನ್ನೂ?” ಎಂದೆ. “ಇಲ್ರಿ ಸರ, ಬಿಟ್ಟೀನಿ” ಎಂದು ತಲೆ ಕೆಳಗೆ ಹಾಕಿದ.